ಬಯಸದೆ ಗೈದ ಹಿಂಸೆ

ಜೀವವನ್ನು ಕೊಲ್ಲಬಾರದೆಂಬ ವ್ರತವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆಗಳು ಕನ್ನಡನಾಡಿನಲ್ಲಿ ಅಸಂಖ್ಯವಾಗಿವೆ. ಅಂಥ ಮನೆಯ ಅಡುಗೆಯಲ್ಲಿ ಮಾಂಸವಿಲ್ಲ, ಮೀನಿಲ್ಲ. ಹಿಂದಿನವರು ಕುಡಿಯುವ ನೀರನ್ನು ಬಟ್ಟೆಯಿಂದ ಸೋಸಿ ಕೊಡಕ್ಕೆ ತುಂಬುತ್ತಿದ್ದುದು ನೀರೊಳಗಿನ ಸಣ್ಣ ಜೀವಿಗೂ ನೋವಾಗದಿರಲೆಂಬ ಭಾವದಿಂದ. ಈ ಆಚಾರವು ಪ್ರಶಂಸನೀಯವಾದುದೇ ಸರಿ. ಆದರೆ ಅದೇ ಮನೆಯ ಯಜಮಾನನು ಬತ್ತದ ಗದ್ದೆಗೋ ಹತ್ತಿಯ ಹೊಲಕ್ಕೋ ಕೀಟನಾಶಕವನ್ನು ಹೊಡೆದು, ಸಂಜೆ ಬೆನ್ನಿನ ಪಂಪನ್ನು ಕೆರೆಯ ಅಂಚಿನಲ್ಲಿ ತೊಳೆದು, ಮನೆಗೆ ಬಂದು ಮಿಂದು, ಶುಚಿರ್ಭೂತನಾಗಿ ಪೂಜೆಗೆ ಕುಳಿತನೆಂದು ಇಟ್ಟುಕೊಳ್ಳಬಹುದು. ಮರುದಿನ ಬೆಳಿಗ್ಗೆ ಕೆರೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಆತನು ಮೀನನ್ನು ತಿಂದವನಲ್ಲ, ಹಿಡಿದವನಲ್ಲ, ಕೊಲ್ಲಬೇಕೆಂದು ಮನಸ್ಸಿನಲ್ಲಿ ನೆನೆದವನೂ ಅಲ್ಲ. ಹೀಗಿರಲು ಆ ಮೀನುಗಳನ್ನು ಕೊಂದವರು ಯಾರು? ಆತನ ವ್ರತವು ಉಳಿಯಿತೆ, ಅಳಿಯಿತೆ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಬೇಸಾಯವನ್ನೇ ಕಾಯಕವನ್ನಾಗಿ ಮಾಡಿಕೊಂಡ ಪ್ರತಿಯೊಬ್ಬ ಗೃಹಸ್ಥನ ಬಾಳಿನಲ್ಲಿ ವರ್ಷಕ್ಕೆ ಹಲವು ಬಾರಿ ಎದುರಾಗುವ ಪ್ರಶ್ನೆ. ಇದಕ್ಕೆ ಉತ್ತರವನ್ನು ಕಾಣಬೇಕಾದರೆ ಮೊದಲು ನೀರಿಗಿಳಿದ ವಿಷವು ಏನು ಮಾಡುತ್ತದೆಂಬುದನ್ನು ತಿಳಿಯತಕ್ಕದ್ದು. ಸಂಗತಿಯನ್ನು ತಿಳಿಯದೆ ಧರ್ಮಾಧರ್ಮಗಳನ್ನು ನಿರ್ಣಯಿಸುವುದು ತೂಕವಿಲ್ಲದೆ ತಕ್ಕಡಿಯನ್ನು ಎತ್ತಿದಂತೆ.

ಭೂಮಿಯ ಮೇಲಿನ ಪ್ರಾಣಿಯು ಗಾಳಿಯನ್ನು ಉಸಿರಾಡುತ್ತದೆ. ಮೀನು ನೀರನ್ನೇ ಉಸಿರಾಡುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕವು ಅತ್ಯಲ್ಪವಾದ ಕಾರಣ ಅದು ಬಾಯಿಂದ ನೀರನ್ನು ಎಡೆಬಿಡದೆ ಎಳೆದುಕೊಂಡು ಕಿವಿರುಗಳ ಮೂಲಕ ಹೊರಬಿಡುತ್ತಿರಬೇಕು. ಕಿವಿರಿನಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ತೀರ ತೆಳುವಾದ ಪೊರೆಯೊಂದೇ. ಆದಕಾರಣ ನೀರಿನಲ್ಲಿ ವಿಷವಿದ್ದರೆ ಅದು ಪ್ರತಿ ಉಸಿರಿನೊಡನೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಮನುಷ್ಯನು ಕೆಟ್ಟ ವಾಸನೆ ಬಂದರೆ ಎದ್ದು ಹೋಗಬಲ್ಲನು. ಕೆರೆಯ ಮೀನಿಗೆ ಎದ್ದು ಹೋಗಲು ಬೇರೆ ಜಗತ್ತಿಲ್ಲ.

ವಿಷಗಳ ಕ್ರಮವೂ ಬೇರೆ ಬೇರೆ. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಕೀಟನಾಶಕಗಳು ನರಗಳ ಸಂದೇಶವನ್ನು ತಕ್ಕ ಸಮಯಕ್ಕೆ ನಿಲ್ಲಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಸಂದೇಶವು ನಿಲ್ಲದೆ ಹರಿದು, ಮಾಂಸಖಂಡಗಳು ಅದುರಿ, ಮೀನು ದಿಕ್ಕುಗೆಟ್ಟು ಸುತ್ತುತ್ತದೆ. ಕೊನೆಗೆ ಉಸಿರು ಕಟ್ಟುತ್ತದೆ. ಡಿ.ಡಿ.ಟಿ.ಯಂತಹ ಆರ್ಗನೋಕ್ಲೋರಿನ್ ವಿಷಗಳು ಬೇಗ ಒಡೆದುಹೋಗದೆ ಕೊಬ್ಬಿನಲ್ಲಿ ಶೇಖರವಾಗುತ್ತವೆ. ಪ್ರಾಣವು ಒಡನೆಯೇ ಹೋಗದಿದ್ದರೂ ಹಾನಿ ತಪ್ಪಿದಂತಲ್ಲ. ಅಲ್ಪ ವಿಷವನ್ನುಂಡ ಮೀನು ನೇರವಾಗಿ ಈಜಲಾರದು, ಶತ್ರುವಿನಿಂದ ತಪ್ಪಿಸಿಕೊಳ್ಳಲಾರದು; ಅದರ ಸಂತಾನಶಕ್ತಿಯೂ ಕುಂದಬಹುದು. ಇದಲ್ಲದೆ ಮರಿಮೀನಿನ ಆಹಾರವಾದ ನೀರುಚಿಗಟ ಮುಂತಾದ ಸೂಕ್ಷ್ಮಜೀವಿಗಳು ಮೀನಿಗಿಂತ ಮೊದಲೇ ಸಾಯುವುದುಂಟು. ಆಗ ವಿಷದಿಂದ ಉಳಿದ ಮರಿಯು ಹಸಿವಿನಿಂದ ಅಳಿಯುತ್ತದೆ. ಕೆರೆಯಲ್ಲಿ ಸತ್ತ ಮೀನೆಲ್ಲವೂ ಕೀಟನಾಶಕದಿಂದಲೇ ಸತ್ತವೆಂದು ಹೇಳಲಾಗದು. ಪಾಚಿ ಹೆಚ್ಚಾಗಿ ಬೆಳಗಿನ ಜಾವ ಆಮ್ಲಜನಕ ಕುಸಿದರೂ ಮೀನು ಸಾಯುತ್ತದೆ. ಆದರೆ ವಿಷವು ಕಾರಣವಾಗಬಲ್ಲುದೆಂಬುದು ನಿರ್ವಿವಾದ.

ಇನ್ನು ವಿಚಾರಕ್ಕೆ ಬರಬಹುದು. ಇಲ್ಲಿ ಮೊದಲನೆಯ ಪೂರ್ವಪಕ್ಷವಿದು: "ಪಾಪಕ್ಕೆ ಸಂಕಲ್ಪವೇ ಮೂಲ. ರೈತನ ಸಂಕಲ್ಪವು ಬೆಳೆಯನ್ನು ಕಾಯುವುದು, ಮೀನನ್ನು ಕೊಲ್ಲುವುದಲ್ಲ. ಸಂಕಲ್ಪವಿಲ್ಲದ ಕಡೆ ದೋಷವೆಲ್ಲಿಯದು?" ಈ ಮಾತಿನಲ್ಲಿ ಅರ್ಧಸತ್ಯವುಂಟು. ಬೇಕೆಂದು ಕೊಂದವನನ್ನೂ ಅರಿಯದೆ ಕೊಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಪ್ರಾಚೀನರು ಅಷ್ಟಕ್ಕೇ ನಿಲ್ಲಲಿಲ್ಲ. ಪತಂಜಲಿಯು ಯೋಗಸೂತ್ರದ ಸಾಧನಪಾದದಲ್ಲಿ ಹಿಂಸೆಯನ್ನು ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಅದರ ಮೂಲಗಳನ್ನು ಲೋಭ, ಕ್ರೋಧ, ಮೋಹಗಳೆಂದು ಎಣಿಸಿದ್ದಾನೆ. ಕ್ರೋಧವಿಲ್ಲದೆಯೂ ಹಿಂಸೆಯುಂಟು, ಮೋಹದಿಂದ, ಎಂದರೆ ಇದ್ದುದನ್ನು ಇದ್ದಂತೆ ಕಾಣದ ಮರವೆಯಿಂದಲೂ ಹಿಂಸೆಯುಂಟು ಎಂಬುದು ಇದರ ತಾತ್ಪರ್ಯ. ಹಳ್ಳಿಗಳಲ್ಲಿ ಕೀಟನಾಶಕಕ್ಕೆ 'ಔಷಧಿ' ಎಂತಲೂ 'ಎಣ್ಣೆ' ಎಂತಲೂ ಹೆಸರು. ಹೆಸರು ಹೀಗೆ ಮೃದುವಾದಾಗ ಕೈಯಲ್ಲಿರುವುದು ವಿಷವೆಂಬ ಅರಿವೂ ಮಾಸುತ್ತದೆ. ಇದೇ ಮೋಹ.

ಧರ್ಮಶಾಸ್ತ್ರಕಾರರು ಗೃಹಸ್ಥನಿಗೆ ಪಂಚಸೂನೆಗಳೆಂಬ ಐದು ಹಿಂಸಾಸ್ಥಾನಗಳನ್ನು ಹೇಳಿದ್ದಾರೆ: ಒಲೆ, ಬೀಸುಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ. ಇವುಗಳಲ್ಲಿ ಯಾವುದನ್ನೂ ಕೊಲ್ಲುವುದಕ್ಕೆಂದು ಯಾರೂ ಬಳಸರು. ಆದರೂ ಬಳಸುವಾಗ ಜೀವಿಗಳು ಸಾಯುವವೆಂದು ಗುರುತಿಸಿ, ಅದರ ಹೊಣೆಯನ್ನು ಮನೆಯೊಡೆಯನ ಮೇಲೆಯೇ ಇಟ್ಟು, ಪರಿಹಾರವನ್ನೂ ಹೇಳಿದರು. ಸಂಕಲ್ಪವಿಲ್ಲವೆಂಬ ಮಾತ್ರಕ್ಕೆ ಕೈ ತೊಳೆದುಕೊಳ್ಳಲಾಗದೆಂಬುದೇ ಆ ವ್ಯವಸ್ಥೆಯ ಹೃದಯ. ಪೊರಕೆಗೆ ಹೊಣೆಯುಂಟಾದರೆ ಬೆನ್ನಿನ ಪಂಪಿಗೆ ಇಲ್ಲದೆ ಹೋದೀತೆ?

ಸಂಕಲ್ಪವಿದ್ದಾಗ ಲೋಕವು ಹೇಗೆ ನಡೆದುಕೊಳ್ಳುತ್ತದೆಂಬುದಕ್ಕೆ ದಕ್ಷಿಣ ಕನ್ನಡದ ಶಿಶಿಲವೇ ಸಾಕ್ಷಿ. ಬೆಳ್ತಂಗಡಿ ತಾಲ್ಲೂಕಿನ ಆ ಊರಿನಲ್ಲಿ ಕಪಿಲಾ ನದಿಯ ಮಡುವು ಮತ್ಸ್ಯತೀರ್ಥವೆಂದು ಪ್ರಸಿದ್ಧವಾಗಿದೆ. ಅಲ್ಲಿಯ ಮೀನುಗಳನ್ನು ಯಾರೂ ಹಿಡಿಯರು, ಭಕ್ತರು ಅಕ್ಕಿ ಹಾಕಿ ಕೈಮುಗಿಯುವರು. 1996ರಲ್ಲಿ ದುಷ್ಕರ್ಮಿಗಳು ಆ ನೀರಿಗೆ ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತವು. ಜನರು ಅದನ್ನು ಹತ್ಯೆಯೆಂದೇ ಕರೆದು ದುಃಖಿಸಿದರು. ಅದರ ನೆನಪಿಗೆ ಅಲ್ಲಿ ಸ್ಮಾರಕವನ್ನೂ ನಿಲ್ಲಿಸಿದರು. ಅದು ಯುಕ್ತವಾದುದೇ. ಆದರೆ ಹೆಸರಿಲ್ಲದ ಊರಕೆರೆಯಲ್ಲಿ, ತೀರ್ಥವೆನಿಸದ ಹಳ್ಳದಲ್ಲಿ, ಪಂಪು ತೊಳೆದ ನೀರಿನಿಂದ ಸತ್ತ ಮೀನಿಗೆ ಹತ್ಯೆಯೆಂಬ ಹೆಸರೂ ಇಲ್ಲ, ಸ್ಮಾರಕವೂ ಇಲ್ಲ. ಮೀನಿನ ಕಡೆಯಿಂದ ನೋಡಿದರೆ ಎರಡು ಸಾವುಗಳಿಗೂ ಅಂತರವೇನು? ಅಂತರವಿರುವುದು ಮನುಷ್ಯನ ಮನಸ್ಸಿನಲ್ಲಿ. ಆ ಅಂತರವು ದಂಡನೆಯನ್ನು ಕಡಿಮೆ ಮಾಡಬಹುದು, ಹೊಣೆಯನ್ನು ಇಲ್ಲವಾಗಿಸದು.

ಎರಡನೆಯ ಪೂರ್ವಪಕ್ಷವು ಇನ್ನೂ ಬಲವಾದುದು: "ಬೇಸಾಯವೆಂದ ಮೇಲೆ ಹಿಂಸೆ ತಪ್ಪದು. ನೇಗಿಲ ಮೊನೆಗೆ ಎರೆಹುಳು ಸಿಕ್ಕುತ್ತದೆ. ಕಾಯಿಕೊರಕವನ್ನು ಬಿಟ್ಟರೆ ಹತ್ತಿಯಿಲ್ಲ. ಜಿಗಿಹುಳುವನ್ನು ಬಿಟ್ಟರೆ ಬತ್ತವಿಲ್ಲ. ಬೆಳೆಯಿಲ್ಲದಿದ್ದರೆ ಸಾಲಗಾರನು ಬಾಗಿಲಿಗೆ ಬರುತ್ತಾನೆ, ಮಕ್ಕಳು ಉಪವಾಸವಿರುತ್ತಾರೆ. ಮೀನಿನ ಮೇಲಿನ ಕರುಣೆಯನ್ನು ಬೋಧಿಸುವವನು ರೈತನ ಮೇಲೆ ಕರುಣೆಯಿಲ್ಲದವನೆ?" ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಅನ್ಯಾಯ. ಸಾಲಮಾಡಿ ಬಿತ್ತಿದವನ ಸಂಕಟವನ್ನು ಅರಿಯದೆ ಆಡಿದ ಅಹಿಂಸೆಯ ಮಾತು ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತಾಗುತ್ತದೆ.

ಆದರೆ ಇಲ್ಲಿ ವಿವೇಚಿಸತಕ್ಕ ಭೇದವೊಂದುಂಟು. ಬೆಳೆಯನ್ನು ತಿನ್ನುವ ಹುಳುವಿನ ಸಾವಿಗೆ ಪ್ರಯೋಜನವೊಂದಿದೆ. ಅದು ಸತ್ತರೆ ಬೆಳೆ ಉಳಿಯುತ್ತದೆ, ಮನೆ ಬದುಕುತ್ತದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇರಲಿ, ಅದಕ್ಕೆ ಅರ್ಥವಾದರೂ ಉಂಟು. ಕೆರೆಯ ಮೀನಿನ ಸಾವಿನಿಂದ ಒಂದು ಕಾಳು ಬತ್ತ ಹೆಚ್ಚುವುದೆ? ಒಂದು ಬೊಗಸೆ ಹತ್ತಿ ಹೆಚ್ಚುವುದೆ? ಇಲ್ಲ. ಹೊಲದಲ್ಲಿ ನಿಂತು ಹುಳುವನ್ನು ಕೊಂದ ವಿಷವು ತನ್ನ ಕೆಲಸವನ್ನು ಮಾಡಿತು. ಕೆರೆಗೆ ಹರಿದ ವಿಷವು ರೈತನ ಹಣವನ್ನೂ ನುಂಗಿ, ನಿರಪರಾಧಿಯಾದ ಜೀವವನ್ನೂ ನುಂಗಿತು. ಇದು ಯಾರಿಗೂ ಬೇಡವಾದ, ಯಾರಿಗೂ ಫಲವಿಲ್ಲದ ವ್ಯರ್ಥಹಿಂಸೆ. ಅನಿವಾರ್ಯವೆಂಬ ಮಾತು ಹುಳುವಿನ ವಿಷಯದಲ್ಲಿ ಸಲ್ಲಬಹುದು. ಮೀನಿನ ವಿಷಯದಲ್ಲಿ ಅದು ಸೋಮಾರಿತನಕ್ಕೆ ಹೊದಿಸಿದ ಶಾಲು. ಈ ಭೇದವನ್ನು ಅರಿತವನಿಗೆ ತನ್ನ ಕರ್ತವ್ಯವು ತಾನಾಗಿಯೇ ತೋರುತ್ತದೆ.

ಹುಳುವಿನ ವಿಷಯದಲ್ಲಿಯೂ ಅನಿವಾರ್ಯತೆಯನ್ನು ಅಳೆದು ನೋಡಬೇಕು. ಇಂಡೋನೇಷ್ಯ ದೇಶದಲ್ಲಿ ಬತ್ತಕ್ಕೆ ಕೀಟನಾಶಕವನ್ನು ಯಥೇಚ್ಛವಾಗಿ ಹೊಡೆದ ಕಾಲದಲ್ಲಿಯೇ ಕಂದು ಜಿಗಿಹುಳುವಿನ ಹಾವಳಿ ಹೆಚ್ಚಿತು. ಏಕೆಂದರೆ ಆ ಹುಳುವನ್ನು ತಿನ್ನುವ ಜೇಡ ಮುಂತಾದ ಮಿತ್ರಜೀವಿಗಳು ವಿಷಕ್ಕೆ ಮೊದಲು ಬಲಿಯಾದವು. 1986ರಲ್ಲಿ ಅಲ್ಲಿಯ ಸರ್ಕಾರವು ಬತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿ, ಗದ್ದೆಗಿಳಿದು ಹುಳುವನ್ನೂ ಮಿತ್ರಜೀವಿಗಳನ್ನೂ ಎಣಿಸಿ ನೋಡುವ ವಿದ್ಯೆಯನ್ನು ರೈತರಿಗೆ ಕಲಿಸಿತು. ಬತ್ತದ ಇಳುವರಿ ಕುಸಿಯಲಿಲ್ಲ. ಅಭ್ಯಾಸಬಲದಿಂದ ಹೊಡೆದ ವಿಷವೆಲ್ಲವೂ ಅಗತ್ಯದಿಂದ ಹೊಡೆದುದಲ್ಲವೆಂದು ಇದರಿಂದ ತಿಳಿಯತಕ್ಕದ್ದು.

ಮೂರನೆಯ ಪೂರ್ವಪಕ್ಷ: "ಪಂಪಿನ ತಳದಲ್ಲಿ ಉಳಿದ ನಾಲ್ಕು ಹನಿ ಎಷ್ಟು, ಕೆರೆಯ ನೀರು ಎಷ್ಟು?" ಲೆಕ್ಕವೇ ಇದಕ್ಕೆ ಉತ್ತರ. ನೂರು ಅಡಿ ಉದ್ದ, ನೂರು ಅಡಿ ಅಗಲ, ಹತ್ತು ಅಡಿ ಆಳದ ಹೊಂಡದಲ್ಲಿ ಸುಮಾರು 28 ಲಕ್ಷ ಲೀಟರ್ ನೀರಿರುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕವು ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಅನೇಕ ಜಾತಿಯ ಮೀನುಗಳಿಗೆ ಮಾರಕವಾದುದು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಆ ಹೊಂಡದ ನೀರಿನಲ್ಲೆಲ್ಲ ಲೀಟರಿಗೆ ಒಂದು ಮೈಕ್ರೋಗ್ರಾಂ ಆಗಲು ಮೂರು ಗ್ರಾಂ ವಿಷವೂ ಬೇಡ. ಶೇಕಡಾ 35ರ ದ್ರಾವಣವಾಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಎಂಡೋಸಲ್ಫಾನಿನಲ್ಲಿ ಅದು ಎರಡು ಸಣ್ಣ ಚಮಚೆಗಿಂತ ಕಡಿಮೆ. ಕೆಸರು ಸ್ವಲ್ಪವನ್ನು ಹೀರಿಕೊಳ್ಳುವುದುಂಟು; ಆದರೂ ಇನ್ನು ನಾಲ್ಕಾರು ಚಮಚೆ ಹೆಚ್ಚಿದರೆ ಹೊಂಡದ ಗತಿಯೇನೆಂದು ಊಹಿಸಬಹುದು. ಕಣ್ಣಿಗೆ ಅಲ್ಪವಾದುದು ಕಿವಿರಿಗೆ ಅಲ್ಪವಲ್ಲ.

ಲೆಕ್ಕವಿಟ್ಟು, ಒಳ್ಳೆಯ ಉದ್ದೇಶದಿಂದ ಹಾಕಿದ ವಿಷವೂ ದಾರಿ ತಪ್ಪಿದುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರವು ನಿದರ್ಶನ. ನುಸಿಗಳ ಕಾಟವನ್ನು ತಡೆಯಲೆಂದು 1949ರಲ್ಲಿ ಆ ನೀರಿಗೆ ಡಿ.ಡಿ.ಡಿ. ಎಂಬ ವಿಷವನ್ನು ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿದರು. ಮೀನಿಗೆ ಅಪಾಯ ಕಡಿಮೆಯೆಂದು ತಿಳಿದೇ ಅದನ್ನು ಆರಿಸಿದ್ದರು. 1954ರಲ್ಲಿಯೂ 1957ರಲ್ಲಿಯೂ ಮತ್ತೆ ಹಾಕಿದರು. ಮೀನನ್ನು ತಿಂದು ಬಾಳುವ ಗ್ರೀಬ್ ಎಂಬ ನೀರುಹಕ್ಕಿಗಳು ಸಾಯತೊಡಗಿದಾಗ ಪರೀಕ್ಷಿಸಿ ನೋಡಿದರೆ, ನೀರಿನ ಸೂಕ್ಷ್ಮಜೀವಿಗಳಲ್ಲಿ ದಶಲಕ್ಷಕ್ಕೆ 5 ಪಾಲು, ಸಸ್ಯಾಹಾರಿ ಮೀನುಗಳಲ್ಲಿ 40ರಿಂದ 300 ಪಾಲು, ಹಕ್ಕಿಗಳ ಕೊಬ್ಬಿನಲ್ಲಿ 1,600 ಪಾಲು ವಿಷವಿತ್ತು. ರೇಚಲ್ ಕಾರ್ಸನ್ ಎಂಬ ವಿದುಷಿಯು 1962ರಲ್ಲಿ ಪ್ರಕಟಿಸಿದ 'ಸೈಲೆಂಟ್ ಸ್ಪ್ರಿಂಗ್' ಗ್ರಂಥದಿಂದ ಈ ಸಂಗತಿ ಲೋಕವಿದಿತವಾಯಿತು. ನೀರು ಮರೆತ ವಿಷವನ್ನು ಜೀವಗಳು ಮರೆಯಲಿಲ್ಲ. ಒಂದನ್ನೊಂದು ಉಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿಸಿದವು. ಆ ಮೆಟ್ಟಿಲುಗಳ ತುದಿಯಲ್ಲಿ ಮೀನನ್ನುಣ್ಣುವ ಮನುಷ್ಯನೂ ನಿಂತಿದ್ದಾನೆ.

ನಾಲ್ಕನೆಯ ಪೂರ್ವಪಕ್ಷ: "ಸರ್ಕಾರದ ಅಪ್ಪಣೆಯಿದೆ, ಡಬ್ಬದ ಮೇಲೆ ಗುರುತಿದೆ, ಇನ್ನು ರೈತನ ತಪ್ಪೇನು?" 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರವನ್ನುಂಡು ನೂರಕ್ಕೂ ಹೆಚ್ಚು ಜನರು ಮಡಿದ ಮೇಲೆ, 1968ರಲ್ಲಿ ಕೀಟನಾಶಕ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಕಾಣುವುದು ಆ ನಿಯಮದಂತೆ. ಆದರೆ ಆ ಬಣ್ಣಗಳು ಇಲಿಯಂತಹ ಪ್ರಯೋಗಪ್ರಾಣಿಗಳಿಗಾಗುವ ವಿಷದ ತೀವ್ರತೆಯನ್ನು ಅಳೆದು ಕೊಟ್ಟವು. ಮುಖ್ಯವಾಗಿ ಮನುಷ್ಯನ ರಕ್ಷಣೆಗಾಗಿ ಇಟ್ಟವು. ಸೈಪರ್‌ಮೆತ್ರಿನ್ ಮೊದಲಾದ ಪೈರೆಥ್ರಾಯಿಡ್‌ಗಳನ್ನು ಮನುಷ್ಯನ ದೇಹವು ಬೇಗನೆ ಒಡೆದು ಹೊರಹಾಕುತ್ತದೆ; ಮೀನಿನ ದೇಹಕ್ಕೆ ಆ ಶಕ್ತಿ ಕಡಿಮೆಯಾದುದರಿಂದ ಅವು ಮೀನಿಗೆ ಘೋರವಿಷ. ತ್ರಿಕೋನದ ಬಣ್ಣವು ಮೀನಿನ ಪರವಾಗಿ ಮಾತಾಡದು. ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಎಚ್ಚರಿಕೆಯನ್ನು ಓದಬೇಕು. ಗಿಡಮೂಲದ್ದೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಡೆರಿಸ್ ಬಳ್ಳಿಯ ಬೇರಿನಿಂದ ದೊರೆಯುವ ರೊಟೆನೋನ್ ಗಿಡಮೂಲದ್ದೇ. ಆದರೂ ಮೀನಿಗೆ ಅದು ಕಾಲಕೂಟ.

ಅಪ್ಪಣೆಯ ಮಾತಿಗೆ ಎಂಡೋಸಲ್ಫಾನಿನ ಚರಿತ್ರೆಯೇ ಉತ್ತರ. 1969ರ ಜೂನ್ ತಿಂಗಳಲ್ಲಿ ಜರ್ಮನಿಯ ರೈನ್ ನದಿಗೆ ಈ ವಿಷವು ಸೇರಿ, ಬಹುದೂರದವರೆಗೆ ಮೀನುಗಳು ರಾಶಿರಾಶಿಯಾಗಿ ಸತ್ತವು. ಅನಂತರವೂ 1970ರ ದಶಕದ ಕೊನೆಯಿಂದ 2000ದವರೆಗೆ, ಕನ್ನಡ ಮಾತಾಡುವ ಜನರಿರುವ ಕಾಸರಗೋಡಿನ ಪಡ್ರೆ ಮುಂತಾದ ಕಡೆಗಳಲ್ಲಿ ಗುಡ್ಡದ ಮೇಲಿನ ಗೇರುತೋಟಗಳಿಗೆ ಅದನ್ನು ಹೆಲಿಕಾಪ್ಟರಿನಿಂದ ಸುರಿದರು. ಗುಡ್ಡದ ಬುಡದಲ್ಲಿ ತೊರೆಗಳಿದ್ದವು, ತೊರೆಯ ಬದಿಯಲ್ಲಿ ಮನೆಗಳಿದ್ದವು. ಶಿಶಿಲವಿರುವ ತಾಲ್ಲೂಕಿನದೇ ಆದ ಕೊಕ್ಕಡದ ಸುತ್ತಿನ ಗೇರುತೋಟಗಳಲ್ಲಿಯೂ ಹಾಗೆಯೇ ನಡೆಯಿತು. ಅಲ್ಲಿ ಹುಟ್ಟಿದ ಮಕ್ಕಳ ಅಂಗವೈಕಲ್ಯವನ್ನೂ ಅವರ ತಾಯಂದಿರ ಕಣ್ಣೀರನ್ನೂ ನಾಡು ಕಂಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಹಿಡಿಯಿತು. ಮೀನುಗಳು 1969ರಲ್ಲಿ ಹೇಳಿದುದನ್ನು ಮನುಷ್ಯನು 2011ರಲ್ಲಿ ಕೇಳಿಸಿಕೊಂಡನು. ನಲವತ್ತೆರಡು ವರ್ಷಗಳ ಈ ಕಿವುಡುತನದ ಕಾಲದಲ್ಲೆಲ್ಲ ಅಪ್ಪಣೆಯು ಇದ್ದೇ ಇತ್ತು. ಆದಕಾರಣ ಅಪ್ಪಣೆಯೆಂಬುದು ರಾಜ್ಯದ ಕನಿಷ್ಠ ಮಿತಿಯೇ ಹೊರತು ಆತ್ಮಸಾಕ್ಷಿಯ ಪರಮಾವಧಿಯಲ್ಲ.

ಮೀನಿನ ಸಾವು ಮೀನಿನಲ್ಲಿಯೇ ಮುಗಿಯದೆಂಬುದನ್ನೂ ಮರೆಯಬಾರದು. ಊರಕೆರೆಯನ್ನು ಗುತ್ತಿಗೆ ಹಿಡಿದು, ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು, ಬೇಸಗೆಯ ಬೇಟೆಗೆ ಕಾದಿರುವ ಬೆಸ್ತರ ಮನೆಗಳುಂಟು. ಮೀನನ್ನು ಮುಟ್ಟದ ಗೃಹಸ್ಥನಿಗೆ ಸತ್ತ ಮೀನು ದುರ್ವಾಸನೆ ಮಾತ್ರ. ಅವರಿಗೆ ಅದು ವರ್ಷದ ಅನ್ನ. ಹನ್ನೆರಡನೆಯ ಶತಮಾನದ ಶರಣರ ನಡುವೆ ದೋಣಿ ನಡೆಸುವ ಅಂಬಿಗರ ಚೌಡಯ್ಯನಿಗೂ ಸಮಾನವಾದ ಪೀಠವಿತ್ತು. ಎಲ್ಲ ಕಾಯಕಗಳೂ ಸಮವೆಂದ ಮೇಲೆ ಒಬ್ಬನ ಕಾಯಕದ ಕೊಳೆಯಿಂದ ಇನ್ನೊಬ್ಬನ ಕಾಯಕವು ಕೆಡಬಾರದು. ಹಾಗೆ ಕೆಡಿಸಿ ಗಳಿಸಿದ ಬೆಳೆಯಿಂದ ದಾಸೋಹ ನಡೆಸಿದರೆ ಆ ಅನ್ನದಲ್ಲಿ ಬೆಸ್ತರ ಮಕ್ಕಳ ಹಸಿವೂ ಬೆಂದಿರುತ್ತದೆ. 'ತಾನು ಮೀನನ್ನು ತಿನ್ನುವವನಲ್ಲ' ಎಂಬ ಹೆಮ್ಮೆಯು ಇಲ್ಲಿ ಯಾವ ಪ್ರಯೋಜನಕ್ಕೂ ಬಾರದು. ತಿನ್ನಲೆಂದು ಒಂದು ಮೀನನ್ನು ಹಿಡಿಯುವವನು ಒಂದನ್ನು ಕೊಲ್ಲುತ್ತಾನೆ. ತಿನ್ನದೆಯೇ ವಿಷವನ್ನು ಹರಿಯಬಿಡುವವನು ಕೆರೆಯನ್ನೇ ಕೊಲ್ಲುತ್ತಾನೆ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ವ್ಯವಸಾಯವನ್ನು ಬಿಟ್ಟು ಕಾಡಿಗೆ ಹೋಗಬೇಕಾಗಿಲ್ಲ. ವ್ಯರ್ಥಹಿಂಸೆಯ ಬಹುಭಾಗವನ್ನು ತಡೆಯಲು ದೊಡ್ಡ ವೆಚ್ಚವೂ ಬೇಡ, ಎಚ್ಚರವೊಂದು ಬೇಕು. ಹುಳುವನ್ನು ಕಂಡು, ಎಣಿಸಿ, ಅಗತ್ಯವಿದ್ದರೆ ಮಾತ್ರ ಹೊಡೆಯಬೇಕು; ದೀಪದ ಬಲೆ, ಮೋಹಕ ಬಲೆಗಳಿಂದ ಆಗುವ ಕೆಲಸಕ್ಕೆ ವಿಷವನ್ನು ಕರೆಯಬಾರದು. ಮಳೆಯ ಮೋಡ ಕಟ್ಟಿದಾಗ, ಗಾಳಿ ಬೀಸುವಾಗ ಹೊಡೆಯಬಾರದು. ಹೊಡೆದ ಗದ್ದೆಯ ನೀರನ್ನು ಒಡನೆಯೇ ಕಾಲುವೆಗೆ ಕಡಿಯಬಾರದು. ಕೆರೆ, ಹಳ್ಳ, ಬಾವಿಗಳ ಬದಿಯಲ್ಲಿ ಹುಲ್ಲಿನ ಪಟ್ಟಿಯೊಂದನ್ನು ಬಿಟ್ಟು, ಅಲ್ಲಿಗೆ ವಿಷವನ್ನು ತಾಗಿಸಬಾರದು. ಖಾಲಿಯಾದ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೇ ಹೊಡೆಯಬೇಕು. ಪಂಪು ತೊಳೆದ ನೀರೂ ಹೊಲದಲ್ಲಿಯೇ ಇಂಗಬೇಕು. ಬಾಟಲಿಯನ್ನು ಹಳ್ಳಕ್ಕೆ ಎಸೆಯುವುದಂತೂ ಸರ್ವಥಾ ಕೂಡದು. ಕೂಲಿಯಾಳಿನ ಕೈಯಿಂದ ಹೊಡೆಸುವ ಯಜಮಾನನು ಇವೆಲ್ಲವನ್ನೂ ಅವನಿಗೆ ಮನಮುಟ್ಟುವಂತೆ ಹೇಳಿ, ನಿಂತು ನೋಡತಕ್ಕದ್ದು. ಏಕೆಂದರೆ ಮಾಡಿಸಿದ ಹಿಂಸೆಯೂ ಮಾಡಿದ ಹಿಂಸೆಯೇ. ನೆರೆಯವನು ಕೆರೆಯಲ್ಲಿ ಪಂಪು ತೊಳೆಯುವಾಗ ಸುಮ್ಮನೆ ನೋಡಿ ನಡೆದುಹೋದರೆ ಅದು ಸಮ್ಮತಿಸಿದ ಹಿಂಸೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅರಿಯದೆ ಪಂಪು ತೊಳೆದವನ ವ್ರತವು ಅಳಿಯಿತೆಂದು ತೀರ್ಪು ಕೊಡುವುದು ಕಠೋರವಾದೀತು. ಅವನ ವ್ರತವು ಅಪೂರ್ಣವಾಗಿತ್ತೆಂದು ಹೇಳುವುದು ಸತ್ಯ. ನಾಲಗೆಯ ಮೇಲಿದ್ದ ಅಹಿಂಸೆಯು ಕೈಗೆ ಇಳಿದಿರಲಿಲ್ಲ. ಅಡುಗೆಮನೆಯಲ್ಲಿದ್ದ ದಯೆಯು ಹೊಲದ ಬದುವನ್ನು ದಾಟಿರಲಿಲ್ಲ. ಅರಿತ ಮೇಲೆಯೂ ಹಾಗೆಯೇ ನಡೆದರೆ ಮಾತು ಬೇರೆ. ಆಗ ಸಂಕಲ್ಪವಿಲ್ಲವೆಂಬ ನೆಪಕ್ಕೆ ಎಡೆಯಿಲ್ಲ. ಬದುವು ಜಮೀನಿನ ಎಲ್ಲೆಯೇ ಹೊರತು ಹೊಣೆಯ ಎಲ್ಲೆಯಲ್ಲ. ನೀರು ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗೂ ಬೇಸಾಯಗಾರನ ಕೈ ಚಾಚಿರುತ್ತದೆ. ಹಿರಿಯರು ಕುಡಿಯುವ ನೀರನ್ನು ಸೋಸಿದರು. ಇಂದಿನ ಗೃಹಸ್ಥರು ಹೊಲದಿಂದ ಹೊರಗೆ ಹರಿಯುವ ನೀರನ್ನು ಕಾಯುವ ನೇಮವನ್ನು ಅದರೊಡನೆ ಸೇರಿಸಿಕೊಳ್ಳಬೇಕು. ಈ ಮುಂಗಾರಿನ ಮೊದಲ ಸಿಂಪರಣೆಯಿಂದಲೇ ಅದನ್ನು ಆರಂಭಿಸಬಹುದು.